ಬಿಸಿಲಿನಲ್ಲಿ ತೆಗೆದ ಬೆಳದಿಂಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಹೆಣ್ಣುಮಗಳೊಬ್ಬಳು ನಡುರಾತ್ರಿಯಲ್ಲಿ ಲಾಟೀನು ಹಿಡಿದು ಹಿತ್ತಿಲ ಬಾವಿಯ ಕಡೆಗೆ ನಡೆಯುತ್ತಾಳೆ. ನಾನು ಕೆಲಸ ಮಾಡಿದ ಒಂದು ಸಣ್ಣ ಚಿತ್ರದಲ್ಲಿ ಈ ದೃಶ್ಯವಿತ್ತು. ಇಡೀ ಹಿತ್ತಿಲನ್ನು ಇರುಳಿನಲ್ಲಿ ಬೆಳಗಿಸುವ ದೊಡ್ಡ ದೀಪಗಳಿಗಾಗಲಿ, ಜನರೇಟರಿಗಾಗಲಿ, ರಾತ್ರಿ ಕೆಲಸದ ಹೆಚ್ಚುವರಿ ಕೂಲಿಗಾಗಲಿ ನಮ್ಮಲ್ಲಿ ಹಣವಿರಲಿಲ್ಲ. ಆದ್ದರಿಂದ ಮಧ್ಯಾಹ್ನ ಮೂರೂವರೆಯ ಬಿಸಿಲಿನಲ್ಲೇ ಅದನ್ನು ಚಿತ್ರೀಕರಿಸಿದೆವು. ಚಿತ್ರರಂಗದವರು ಇದನ್ನು ‘ಡೇ ಫಾರ್ ನೈಟ್’ ಎನ್ನುತ್ತಾರೆ. ಫ್ರೆಂಚರು ‘ಅಮೆರಿಕನ್ ರಾತ್ರಿ’ ಎಂದು ಕರೆಯುತ್ತಾರೆ. ದುಡ್ಡಿಲ್ಲದವರ ಉಪಾಯವೆಂದು ಇದನ್ನು ಹಗುರವಾಗಿ ಕಾಣುವವರಿದ್ದಾರೆ. ನನಗಂತೂ ಬೆಳಕನ್ನು ನೋಡಲು ಕಲಿಸಿದ್ದೇ ಇದು.

ಹುಣ್ಣಿಮೆಯ ಬೆಳಕು ನೇರ ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಮಂದ. ಆದರೂ ಎರಡಕ್ಕೂ ಹತ್ತಿರದ ನಂಟಿದೆ. ಬೆಳದಿಂಗಳೆಂದರೆ ಚಂದ್ರನನ್ನು ತಾಗಿ ಮರಳಿ ಬಂದ ಬಿಸಿಲೇ. ಆಕಾಶದಲ್ಲಿ ಸೂರ್ಯ ಚಂದ್ರರಿಬ್ಬರೂ ಹೆಚ್ಚುಕಡಿಮೆ ಅರ್ಧ ಡಿಗ್ರಿಯಷ್ಟೇ ಅಗಲವಾಗಿ ಕಾಣುವುದರಿಂದ ಇಬ್ಬರೂ ಬೀಳಿಸುವ ನೆರಳಿನ ಅಂಚು ಒಂದೇ ಬಗೆಯದಾಗಿರುತ್ತದೆ. ಸೂರ್ಯನನ್ನು ನಟಿಯ ಬೆನ್ನ ಹಿಂದೆ ಬರಿಸಿಕೊಂಡರೆ ತಲೆಗೂದಲಿಗೂ ಭುಜಕ್ಕೂ ಬೆಳ್ಳಿಯ ಅಂಚು ಮೂಡಿ, ಮುಖ ನೆರಳಿನಲ್ಲಿ ಉಳಿಯುತ್ತದೆ. ಎಕ್ಸ್‌ಪೋಷರನ್ನು ಎರಡು ಸ್ಟಾಪ್ ಇಳಿಸಿದರೆ, ಅಂದರೆ ಒಳಬರುವ ಬೆಳಕನ್ನು ಕಾಲು ಭಾಗಕ್ಕೆ ತಂದರೆ, ಹಿತ್ತಿಲು ಕತ್ತಲಿಗೆ ಜಾರುತ್ತದೆ. ಆದರೆ ಚೌಕಟ್ಟಿನೊಳಗೆ ಒಂದು ಚೂರು ಆಕಾಶವೂ ಇಣುಕಬಾರದು. ಬೆಳ್ಳಗಿನ ಆಕಾಶ ಕಂಡ ಕ್ಷಣವೇ ಗುಟ್ಟು ರಟ್ಟಾಗುತ್ತದೆ. ನಾವು ಎತ್ತರದ ಅಟ್ಟಣೆ ಕಟ್ಟಿ ಕ್ಯಾಮೆರಾವನ್ನು ಕೆಳಮುಖವಾಗಿ ಇರಿಸಿದ್ದು ಇದೇ ಕಾರಣಕ್ಕೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಲಾಟೀನು. ಅದರ ಕುಡಿ ಬಿಸಿಲಿನೆದುರು ಕಾಣುವುದೇ ಇಲ್ಲ. ಗಾಜಿನೊಳಗೆ ಬ್ಯಾಟರಿಯ ಎಲ್‌ಇಡಿ ಬಲ್ಬೊಂದನ್ನು ಅಡಗಿಸಿ, ಅವಳು ಲಾಟೀನು ಎತ್ತಿ ಹಿಡಿಯುವ ಜಾಗವು ಹಲಸಿನ ಮರದ ದಟ್ಟ ನೆರಳಿನಲ್ಲಿ ಬರುವಂತೆ ನಡಿಗೆಯ ದಾರಿಯನ್ನೇ ಬದಲಿಸಬೇಕಾಯಿತು.

ಇನ್ನು ಬಣ್ಣ. ಬೆಳದಿಂಗಳು ನೀಲಿಯೆಂದು ನಾವು ನಂಬಿದ್ದೇವೆ. ಅಳೆದು ನೋಡಿದರೆ ಅದು ಬಿಸಿಲಿಗಿಂತ ಕೊಂಚ ಕೆಂಪಿನ ಕಡೆಗೇ ಇದೆ. ನೀಲಿ ಇರುವುದು ನಮ್ಮ ಕಣ್ಣಿನಲ್ಲಿ. ಬೆಳಕು ಕುಗ್ಗಿದಂತೆ ಕಣ್ಣು ಕೆಂಪನ್ನು ಕಳೆದುಕೊಂಡು ನೀಲಿ-ಹಸಿರಿನತ್ತ ವಾಲುತ್ತದೆಂಬುದನ್ನು 19ನೆಯ ಶತಮಾನದಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದರು. ಮುಸ್ಸಂಜೆಯಲ್ಲಿ ಕೆಂಪು ದಾಸವಾಳದ ಗಿಡವನ್ನು ನೋಡುತ್ತ ನಿಲ್ಲಿ, ಎಲೆ ಕಾಣುತ್ತಿರುವಾಗಲೇ ಹೂವು ಕಪ್ಪಾಗಿಬಿಡುತ್ತದೆ. ಬೆಳಕಿನ ಬಣ್ಣವನ್ನು ಅಳೆಯುವ ಮಾಪನದಲ್ಲಿ ಸುಮಾರು 5600 ಕೆಲ್ವಿನ್ ಇರುವ ಹಗಲಿನ ಬೆಳಕಿನಲ್ಲಿ, ಯಾವ ಬೆಳಕನ್ನು ಬಿಳಿಯೆಂದು ಕಾಣಬೇಕೆಂದು ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸನ್ನು 3200ಕ್ಕೆ ಇರಿಸಿದರೆ ಆ ನೀಲಿ ಖರ್ಚಿಲ್ಲದೆ ದೊರೆಯುತ್ತದೆ. ಇರುಳಿನ ಕಣ್ಣಿಗೆ ಕೆಂಪು ಕಾಣದಾದ್ದರಿಂದಲೇ ನಟಿಗೆ ಕೆಂಪು ಸೀರೆ ಉಡಿಸಲಿಲ್ಲ.

ನಸುಕು ಮತ್ತು ಸಂಜೆಯ ಕಷ್ಟ ಬೇರೆ ಬಗೆಯದು. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಗಂಟೆಗೆ ಸುಮಾರು 15 ಡಿಗ್ರಿಯಂತೆ ಹೆಚ್ಚುಕಡಿಮೆ ನೆಟ್ಟಗೆ ಇಳಿಯುವುದರಿಂದ, ಚಿತ್ರರಂಗದವರು ‘ಮ್ಯಾಜಿಕ್ ಅವರ್’ ಎಂದು ಹೊಗಳುವ ಹೊಂಬಿಸಿಲು ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಹಾಗಾಗಿ ಮುಂಜಾವಿನ ದೃಶ್ಯಗಳನ್ನು ಎಷ್ಟೋ ಸಲ ಸಂಜೆ ತೆಗೆಯುತ್ತಾರೆ. ಮೂಡಲು ಬಾಗಿಲಿನ ಮನೆಯ ಜಗಲಿಗೆ ಸಂಜೆಯ ಬಿಸಿಲು ಬೀಳದು. ಪಡುವಲಿಗೆ ಮುಖಮಾಡಿದ ಮನೆಯನ್ನು ಹುಡುಕಬೇಕು. ಸೂರ್ಯಾಸ್ತವನ್ನು ಚಿತ್ರಿಸಿ ಹಿಂದುಮುಂದಾಗಿ ಓಡಿಸಿದರೆ ಸೂರ್ಯೋದಯವಾಗುತ್ತದೆಂದು ಕೆಲವರು ಭಾವಿಸುತ್ತಾರೆ. ಆದರೆ ನಮ್ಮಲ್ಲಿ ಮೂಡುವ ಸೂರ್ಯ ಬಲಕ್ಕೆ ವಾಲಿ ಏರುತ್ತಾನೆ. ತಿರುಗಿಸಿದ ಚಿತ್ರದಲ್ಲಿ ಎಡಕ್ಕೆ ಏರುತ್ತಾನೆ, ಒಲೆಯ ಹೊಗೆಯೂ ಮಾಡಿನೊಳಗೆ ಮರಳುತ್ತದೆ.

ನಡುಹಗಲನ್ನು ಬೇರೆ ಹೊತ್ತಾಗಿ ತೋರಿಸುವುದು ಬಹಳ ಕಠಿಣ. ಏಪ್ರಿಲ್ ಕೊನೆಯ ವಾರದಲ್ಲಿ ಬೆಂಗಳೂರಿನ ನಡುನೆತ್ತಿಗೆ ಸೂರ್ಯ ಬಂದಾಗ ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ, ಕಣ್ಣ ಗುಳಿಗಳು ಮಾತ್ರ ಕಪ್ಪಾಗುತ್ತವೆ. ಆಗ ಮೇಲೊಂದು ಬಿಳಿ ಬಟ್ಟೆ ಹಿಡಿದು ಬಿಸಿಲನ್ನು ಸೋಸಿ, ಪಕ್ಕದಿಂದ ರಿಫ್ಲೆಕ್ಟರ್, ಅಂದರೆ ಕನ್ನಡಿಯಂತೆ ಬೆಳಕನ್ನು ತಿರುಗಿಸುವ ಹಲಗೆ, ಹೊಡೆಯಬೇಕು. ಕನ್ನಡಿಯ ಬಲವನ್ನು ತೋರಿಸಿಕೊಟ್ಟವರು ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು. 1959ರ ಹಿಂದಿ ಚಿತ್ರವೊಂದರಲ್ಲಿ ಅವರು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಗೆ ತಿರುಗಿಸಿ, ಬೆಳಕಿನ ಕೋಲೊಂದನ್ನು ಇಳಿಸಿದರು.

ಬಾನುಲಿಯ ಕೇಳುಗರಾದ ನಿಮಗೆ ಒಂದು ಸಂಗತಿ ಮೊದಲೇ ಗೊತ್ತು: ಹೊತ್ತನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಬಾವಿಯ ದೃಶ್ಯವನ್ನು ತೆಗೆದಾಗ ಹಿನ್ನೆಲೆಯಲ್ಲಿ ಕಾಗೆ ಕೂಗಿತ್ತು, ದೂರದ ಶಾಲೆಯ ಗಂಟೆಯೂ ಕೇಳಿತ್ತು. ಆ ಶಬ್ದವನ್ನು ಪೂರ್ತಿ ತೆಗೆದುಹಾಕಿದೆವು. ಅದೇ ರಾತ್ರಿ ನಮ್ಮ ಶಬ್ದಗ್ರಾಹಕರೊಬ್ಬರೇ ಹಿತ್ತಿಲಿನಲ್ಲಿ ಕುಳಿತು ಜೀರುಂಡೆ, ಕಪ್ಪೆ, ತೆಂಗಿನ ಗರಿಯ ಸದ್ದು, ಕೊಟ್ಟಿಗೆಯಲ್ಲಿ ದನ ಕೊರಳಾಡಿಸಿದ ಗಂಟೆಯ ನಾದ, ಇವಿಷ್ಟನ್ನೂ ಹತ್ತು ನಿಮಿಷ ಧ್ವನಿಮುದ್ರಿಸಿಕೊಂಡರು. ಅದನ್ನು ದೃಶ್ಯಕ್ಕೆ ಕೂಡಿಸಿದ ದಿನ ನಾವೆಲ್ಲ ಮತ್ತೊಮ್ಮೆ ಪರದೆಯನ್ನು ನೋಡಿ, ಹಾಕಿದ್ದ ನೀಲಿಯಲ್ಲಿ ಅರ್ಧದಷ್ಟನ್ನು ತೆಗೆದೆವು.