ಎಲ್ಲಿಗೆ ಹೋಗ್ಲಿ ಅನ್ನೋರಿಗೆ

ಎಲ್ಲರಿಗೂ ನಮಸ್ಕಾರ. ಹಳೇ ಹುಬ್ಬಳ್ಳಿಯಲ್ಲಿ ನಾವು ಒಂದಷ್ಟು ಹೆಣ್ಣುಮಕ್ಕಳು ಸೇರಿ ರೊಟ್ಟಿ ಮಾಡಿ ಮಾರುತ್ತೇವೆ. ಖಾನಾವಳಿಗೆ, ಮದುವೆ ಮನೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಡುತ್ತೇವೆ. ಕೆಲಸ ಕೇಳಿಕೊಂಡು ಬರುವವರಲ್ಲಿ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದವರೂ ಇರುತ್ತಾರೆ. ಇಷ್ಟು ವರ್ಷ ಯಾಕೆ ಸಹಿಸಿಕೊಂಡೆ ಅಂತ ಕೇಳಿದರೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಮಾತು: "ಬಿಟ್ಟು ಹೋಗ್ಬೇಕಂದ್ರ ಎಲ್ಲಿಗೆ ಹೋಗ್ಲಿ ಅಕ್ಕಾ?"

ಗದಗ ಕಡೆಯ ಒಂದು ಹಳ್ಳಿಯಿಂದ ಬಂದವಳ ಕತೆ ಹೇಳುತ್ತೇನೆ, ಅವಳ ಒಪ್ಪಿಗೆ ತಗೊಂಡೇ. ಗಂಡ ಹೊಡೆಯುತ್ತಿದ್ದ, ಅತ್ತೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ತವರಿಗೆ ಹೋದರೆ ಅವ್ವ ಊಟ ಹಾಕಿ, ತಲೆ ಬಾಚಿ, "ಹೊಂದಿಕೊಂಡ್ ಹೋಗವ್ವಾ, ತಂಗಿ ಲಗ್ನ ಐತಿ" ಅಂತ ವಾಪಸ್ ಬಸ್ ಹತ್ತಿಸುತ್ತಿದ್ದಳು. ಆ ತಾಯಿಯನ್ನು ನಾನು ಬೈಯುವುದಿಲ್ಲ. ಆದರೆ ತಂಗಿಯ ಮದುವೆಗೋಸ್ಕರ ಅಕ್ಕನ ಜೀವ ಪಣಕ್ಕಿಡೋದು ಯಾವ ನ್ಯಾಯ?

ಕೊನೆಗೆ ಅವಳು ತಾನೇ ದಾರಿ ಮಾಡಿಕೊಂಡಳು. ಹಿಟ್ಟಿನ ಗಿರಣಿಗೆ ಹೋಗುವಾಗ ಜೋಳದ ಡಬ್ಬಿಯ ತಳದಲ್ಲಿ ಒಂದೊಂದೇ ಕಾಗದ ಇಟ್ಟುಕೊಂಡು ಹೋಗಿ ಗಿರಣಿ ಪಕ್ಕದ ಮನೆಯ ಅಜ್ಜಿಯ ಟ್ರಂಕಿನಲ್ಲಿ ಇಡುತ್ತಿದ್ದಳು: ಇವತ್ತು ಆಧಾರ್, ಇನ್ನೊಂದಿನ ಬ್ಯಾಂಕ್ ಪಾಸ್‌ಬುಕ್, ಮಗನ ಜನನ ಪ್ರಮಾಣಪತ್ರ, ಮದುವೆ ಫೋಟೋ, ಕೈ ಮುರಿದಾಗ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿ. ಕೇಳುತ್ತಿರುವ ತಂಗಿಯರೇ, ಇದನ್ನು ದಯವಿಟ್ಟು ನೆನಪಿಡಿ. ಬಂಗಾರ ಹೋದರೂ ಆಮೇಲೆ ಕೇಳಿ ಪಡೆಯಬಹುದು, ತವರಿಂದ ಬಂದ ಸ್ತ್ರೀಧನ ಕಾನೂನಿನ ಪ್ರಕಾರ ನಿಮ್ಮದೇ. ಕಾಗದ ಇಲ್ಲದಿದ್ದರೆ ಮಾತ್ರ ಹೆಜ್ಜೆಹೆಜ್ಜೆಗೂ ತ್ರಾಸು.

ಬೆಳಗಿನ ಬಸ್ಸಿಗೆ ಮಗನನ್ನು ಎತ್ತಿಕೊಂಡು ಹತ್ತಿದಾಗ ಕೈಯಲ್ಲಿ ಒಂದು ಪೈಸೆ ಇರಲಿಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ ಅಲ್ವಾ, ಆಧಾರ್ ತೋರಿಸಿದಳು, ಅಷ್ಟೇ. ಅಣ್ಣಿಗೇರಿ ದಾಟುವವರೆಗೂ ತಲೆ ಮೇಲಿನ ಸೆರಗು ತೆಗೆಯಲಿಲ್ಲವಂತೆ.

ಈಗ ಆ ಪ್ರಶ್ನೆಗೆ ಬರೋಣ. ಎಲ್ಲಿಗೆ ಹೋಗೋದು? ಮೊದಲು ಫೋನ್. 181 ಮಹಿಳಾ ಸಹಾಯವಾಣಿ, ಜೀವಕ್ಕೆ ಅಪಾಯ ಇದ್ದರೆ 112. ಜಿಲ್ಲೆಯಲ್ಲಿ ಸಖಿ ಕೇಂದ್ರ ಇದೆ, ಅಲ್ಲಿ ಐದು ದಿನದವರೆಗೆ ಉಳಿಯಬಹುದು, ಚಿಕಿತ್ಸೆ, ಪೊಲೀಸ್, ವಕೀಲರು ಎಲ್ಲದಕ್ಕೂ ಅವರೇ ಕೈ ಹಿಡಿಯುತ್ತಾರೆ. ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ನಮ್ಮ ಅಂಗನವಾಡಿ ಆಫೀಸಿನ ಸಾಹೇಬರು, ಕರ್ನಾಟಕದಲ್ಲಿ ಅವರೇ ಸಂರಕ್ಷಣಾಧಿಕಾರಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅರ್ಜಿ ಬರೆಸಿಕೊಳ್ಳುವುದು ಅವರ ಕೆಲಸ. ವಕೀಲರ ಫೀಸಿಗೆ ಹೆದರಬೇಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ನೆರವು ಪುಕ್ಕಟೆ, ಆ ನಂಬರ್ 15100. ಕೇಸು ಹಾಕಲು ಮತ್ತೆ ಗಂಡನ ಊರಿಗೇ ಹೋಗಬೇಕು ಅಂತಲೂ ಇಲ್ಲ. ಈಗ ತಾತ್ಕಾಲಿಕವಾಗಿ ಎಲ್ಲಿದ್ದೀರೋ ಅಲ್ಲಿನ ಕೋರ್ಟಿನಲ್ಲೇ ಹಾಕಬಹುದು, ಇವಳು ಹಾಕಿದ್ದು ಹುಬ್ಬಳ್ಳಿಯಲ್ಲಿ. ಮನೆ ಅತ್ತೆ ಹೆಸರಲ್ಲಿದೆ, ನಿನಗೇನು ಹಕ್ಕು ಅಂತ ಹೆದರಿಸುತ್ತಾರೆ. ನೀವು ಸಂಸಾರ ಮಾಡಿದ ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಅಲ್ಲಿ ವಾಸದ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ನಮ್ಮಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳ ರೊಟ್ಟಿ ಅಂಚಿನಲ್ಲಿ ಸೀಳುತ್ತಿದ್ದವು. ಕೆಲಸ ಬರದೆ ಅಲ್ಲ, ಹೊರಗೆ ಯಾರಾದರೂ ಗಟ್ಟಿ ಮಾತಾಡಿದರೂ ಬಡಿಯುವ ಕೈ ನಿಂತುಬಿಡುತ್ತಿತ್ತು. ನಾವು ಯಾರೂ ಏನೂ ಕೇಳಲಿಲ್ಲ, ಸೀಳಿದ ರೊಟ್ಟಿ ನಾವೇ ಮಧ್ಯಾಹ್ನ ಊಟಕ್ಕೆ ತಿಂದೆವು. ಮೊದಲ ಪಗಾರ ಕೊಟ್ಟ ದಿನ "ಇದನ್ನ ಯಾರ ಕೈಯಾಗ ಕೊಡ್ಲಿ ಅಕ್ಕಾ?" ಅಂದಳು. ಹೊಲದ ಕೂಲಿಯನ್ನೆಲ್ಲ ಅತ್ತೆ ಇಸಿದುಕೊಳ್ಳುತ್ತಿದ್ದಳಂತೆ. ದುಡಿದ ದುಡ್ಡು ಕಿತ್ತುಕೊಳ್ಳುವುದೂ ದೌರ್ಜನ್ಯವೇ ಅಂತ ಅದೇ ಕಾಯ್ದೆ ಹೇಳುತ್ತದೆ, ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಈಗ ಅವಳೇ ಮದುವೆ ಆರ್ಡರುಗಳ ಲೆಕ್ಕ ನೋಡುತ್ತಾಳೆ, ಬಾಡಿಗೆ ಮನೆ ಹಿಡಿದಿದ್ದಾಳೆ, ಮಗ ಸಾಲಿಗೆ ಹೋಗುತ್ತಾನೆ. ಕೇಸಿನ್ನೂ ಮುಗಿದಿಲ್ಲ, ಮುಂದಿನ ತಾರೀಖು ಬಂದರೆ ಈಗಲೂ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಅದನ್ನೂ ಹೇಳಬೇಕು.

ಅಕ್ಕಪಕ್ಕದವರಿಗೆ ಒಂದು ಮಾತು. ಗೋಡೆಯಾಚೆ ಚೀರಾಟ ಕೇಳಿದರೆ ಟಿವಿ ಜೋರು ಮಾಡಬೇಡಿ. ಸಂರಕ್ಷಣಾಧಿಕಾರಿಗೆ ಯಾರು ಬೇಕಾದರೂ ತಿಳಿಸಬಹುದು, ಒಳ್ಳೇ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬೀಳುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ಅಷ್ಟು ಧೈರ್ಯ ಬಾರದಿದ್ದರೆ ಆ ಹೆಣ್ಣುಮಗಳು ಒಬ್ಬಳೇ ಸಿಕ್ಕಾಗ ಅವಳ ಕಾಗದಪತ್ರ ನಿಮ್ಮ ಮನೆಯಲ್ಲಿ ಇಡಲಿಕ್ಕೆ ಜಾಗ ಇದೆ ಅಂತ ಹೇಳಿ.

ನಮಸ್ಕಾರ.