ಪೊಲೀಸ್ ಮುಖ್ಯಸ್ಥರ ಸಂಬಳವನ್ನು ಬಚ್ಚಿಟ್ಟ ಊರು

ಎಲ್ಲರಿಗೂ ನಮಸ್ಕಾರ. ಮಾಹಿತಿ ಹಕ್ಕಿನ ಬಗ್ಗೆ ಮಾತಾಡಿ ಎಂದು ಪ್ರಿನ್ಸಿಪಾಲರು ಕರೆದಿದ್ದಾರೆ. ಕಾಯ್ದೆಯ ಸೆಕ್ಷನ್‌ಗಳನ್ನು ನಾನು ಓದಿ ಹೇಳುವುದಿಲ್ಲ. ಹೇಗೂ ಪರೀಕ್ಷೆಯ ಹಿಂದಿನ ರಾತ್ರಿ ನೀವೇ ಓದುತ್ತೀರಿ. ಅದರ ಬದಲು ಅಮೆರಿಕದ ಬೆಲ್ ಅನ್ನೋ ಊರಿನ ಕತೆ ಹೇಳುತ್ತೇನೆ.

ನಮ್ಮಲ್ಲಿ ಪೊಲೀಸರು ರಾಜ್ಯ ಸರ್ಕಾರದ ನೌಕರರು. ಬೆಂಗಳೂರಿನ ಕಮಿಷನರ್‌ಗೆ ಇಷ್ಟು ಸಂಬಳ ಅಂತ ಪಾಲಿಕೆ ಗೊತ್ತು ಮಾಡುವ ಹಾಗಿಲ್ಲ. ಅವರು ಐಪಿಎಸ್, ಅವರ ಸಂಬಳ ವೇತನ ಆಯೋಗದ ಪಟ್ಟಿಯಲ್ಲಿದೆ. ಅಮೆರಿಕದಲ್ಲಿ ಎಷ್ಟೋ ಪುಟ್ಟ ಊರುಗಳಿಗೂ ತಮ್ಮದೇ ಪೊಲೀಸ್ ಇಲಾಖೆ ಇದೆ. ಊರೇ ಮುಖ್ಯಸ್ಥರನ್ನು ಕರೆತರುತ್ತದೆ, ಒಪ್ಪಂದ ಬರೆಯುತ್ತದೆ, ಊರಿನ ತೆರಿಗೆಯಲ್ಲೇ ಸಂಬಳ ಕೊಡುತ್ತದೆ. ಹೀಗಾಗಿ ಜಗಳ ಬಂದರೆ ಮುಖ್ಯಸ್ಥರು ಒಂದು ಕಡೆ, ಊರು ಇನ್ನೊಂದು ಕಡೆ.

ಬೆಲ್ ಇರುವುದು ಲಾಸ್ ಏಂಜಲೀಸ್ ಪಕ್ಕದಲ್ಲೇ. ಸುಮಾರು 36 ಸಾವಿರ ಜನ, ಬಹುಪಾಲು ಕೂಲಿ ಮಾಡಿ ಬದುಕುವ ವಲಸಿಗರ ಕುಟುಂಬಗಳು. 2009ರಲ್ಲಿ ಅಲ್ಲಿಗೆ ರ‍್ಯಾಂಡಿ ಆಡಮ್ಸ್ ಎಂಬ ಪೊಲೀಸ್ ಮುಖ್ಯಸ್ಥರು ಬಂದರು. ಸಂಬಳ ವರ್ಷಕ್ಕೆ 4,57,000 ಡಾಲರ್. ಆಗಿನ ಲೆಕ್ಕದಲ್ಲಿ 2 ಕೋಟಿ ರೂಪಾಯಿಗೂ ಜಾಸ್ತಿ. ಪಕ್ಕದ ಲಾಸ್ ಏಂಜಲೀಸ್ ಮಹಾನಗರದ ಮುಖ್ಯಸ್ಥರ ಕೈಕೆಳಗೆ ಸುಮಾರು 10 ಸಾವಿರ ಪೊಲೀಸರಿದ್ದರು. ಅವರ ಸಂಬಳವೇ 3,07,000 ಡಾಲರ್! ನಗರಾಡಳಿತದ ಮುಖ್ಯಸ್ಥ ರಾಬರ್ಟ್ ರಿಜ್ಜೊ ತಾವೇ 8 ಲಕ್ಷ ಡಾಲರ್ ಹತ್ತಿರ ಎಣಿಸುತ್ತಿದ್ದರು. ಬೇರೆಯವರಿಗೆ ಕೊಡಲು ಅವರಿಗೇನು ಕಷ್ಟ?

ಈಗ ನನಗೆ ತುಂಬ ಇಷ್ಟವಾದ ಭಾಗ. ನನ್ನ ವಿದ್ಯಾರ್ಥಿಗಳಿಗೆ ಇದು ಬಾಯಿಪಾಠ ಆಗಿಹೋಗಿದೆ, ಪಾಪ. ಆಡಮ್ಸ್ ಒಪ್ಪಂದವನ್ನು ಸಿದ್ಧ ಮಾಡಿದ್ದು ರಿಜ್ಜೊ ಅವರ ಸಹಾಯಕಿ ಏಂಜೆಲಾ ಸ್ಪಾಸಿಯಾ. ಆಕೆ ಆಡಮ್ಸ್‌ಗೆ ಇಮೇಲ್ ಬರೆದರು. ನಮ್ಮ ಸಂಬಳ ಯಾರ ಕಣ್ಣಿಗೂ ಬೀಳದ ಹಾಗೆ ಒಪ್ಪಂದಗಳನ್ನು ಜೋಪಾನವಾಗಿ ಬರೆದಿದ್ದೇವೆ, ಪ್ರತಿ ‘ಪೇ ಪೀರಿಯಡ್’ಗೆ ಇಷ್ಟು ಅಂತ ಹಾಕಿದ್ದೇವೆ, ಆ ಪೀರಿಯಡ್ ಅಂದರೆ ಎಷ್ಟು ದಿನ ಅಂತ ಮಾತ್ರ ಹೇಳಿಲ್ಲ, ಯಾರಾದರೂ ಕೂತು ಕೂಡಿಸಿ ನೋಡಬಾರದಲ್ಲ, ಅದಕ್ಕೆ. ಇದು ಆ ಇಮೇಲಿನ ಸಾರ. ನೋಡಿ, ಎಷ್ಟು ತಲೆ! ಅಲ್ಲಿ ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಸಂಬಳ ಬರುತ್ತದೆ. 4,57,000ವನ್ನು 26ರಿಂದ ಭಾಗಿಸಿದರೆ ಹದಿನೇಳೂವರೆ ಸಾವಿರ ಚಿಲ್ಲರೆ. ಅಷ್ಟನ್ನೇ ಕಾಗದದಲ್ಲಿ ನೋಡಿದವರು ತಿಂಗಳ ಸಂಬಳ ಅಂತಲೂ ಓದಿಕೊಳ್ಳಬಹುದು. ಅರ್ಧಕ್ಕರ್ಧ ಮಾಯ! ಆಡಮ್ಸ್ ಕೂಡ ಬೆಲ್‌ನ ದುಡ್ಡನ್ನೆಲ್ಲ ತೆಗೆದುಕೊಳ್ಳಲು ಬರುತ್ತಿದ್ದೇನೆ, ಸರಿ, ಒಂದು ಪಾಲು ಸಾಕು ಎಂಬ ಅರ್ಥದಲ್ಲಿ ತಮಾಷೆ ಮಾಡಿ ಬರೆದಿದ್ದರು. ಹಿಂದೆ ಕುಳಿತವರು ನಗುತ್ತಿದ್ದೀರಿ. ನಗಿ, ಆದರೆ ಇದೇ ತಮಾಷೆ ಆಮೇಲೆ ಕೋರ್ಟಿನಲ್ಲಿ ಸಾಕ್ಷ್ಯವಾಯಿತು. ವಕೀಲರಾಗುವವರು ಇಷ್ಟನ್ನು ಬರೆದಿಟ್ಟುಕೊಳ್ಳಿ.

ಸಂಬಳ ದೊಡ್ಡದಿರುವುದೇ ತಪ್ಪು ಅಂತ ನಾನು ವಾದಿಸುವುದಿಲ್ಲ. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದವರಿಗೆ ಊರು ಕೈತುಂಬ ಕೊಡುತ್ತೇನೆ ಅಂದರೆ ಕೊಡಲಿ. ಆದರೆ ಸಭೆಯಲ್ಲಿ ಇಟ್ಟು, ಜನರ ಎದುರು ಓದಿ, ಆಮೇಲೆ ಕೊಡಲಿ.

2010ರ ಜುಲೈನಲ್ಲಿ ‘ಲಾಸ್ ಏಂಜಲೀಸ್ ಟೈಮ್ಸ್’ ಈ ಸಂಬಳಗಳನ್ನು ಬಯಲು ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಕತೆ ಮುಗಿಯಿತಾ? ಇಲ್ಲ. ಕಾನೂನಿನ ದೃಷ್ಟಿಯಿಂದ ಶುರುವಾಗಿದ್ದೇ ಅಲ್ಲಿಂದ. ಬಿಟ್ಟುಹೋಗುವಾಗಿನ ಹಣ ಕೊಡಿ ಎಂದು ಆಡಮ್ಸ್ ಬೆಲ್ ಮೇಲೆಯೇ ದಾವೆ ಹೂಡಿದರು! ಜೊತೆಗೆ ಪಿಂಚಣಿಯ ಜಗಳ. ಅವರು ಬೆಲ್‌ನಲ್ಲಿದ್ದದ್ದು ಒಂದು ವರ್ಷದಷ್ಟು. ಆದರೆ ಆ ಒಂದು ವರ್ಷದ ಸಂಬಳವನ್ನು ಹಿಡಿದು ಇಡೀ ಸೇವೆಗೆ ಪಿಂಚಣಿ ಲೆಕ್ಕ ಹಾಕಿ ಎಂದು ಕೇಳಿದರು. ಹಾಗೆ ಮಾಡಿದರೆ ವರ್ಷಕ್ಕೆ ಸುಮಾರು 5,10,000 ಡಾಲರ್ ಪಿಂಚಣಿ. ಅದರಲ್ಲಿ ದೊಡ್ಡ ಪಾಲು ಅವರು ಮೊದಲು ಕೆಲಸ ಮಾಡಿದ ವೆಂಚುರಾ, ಸಿಮಿ ವ್ಯಾಲಿ, ಗ್ಲೆಂಡೇಲ್ ನಗರಗಳ ತಲೆಗೆ. ಬೆಲ್‌ನಲ್ಲಿ ಗುಟ್ಟಾಗಿ ಒಪ್ಪಂದ, ಬಿಲ್ ಬರುವುದು ಗ್ಲೆಂಡೇಲ್‌ಗೆ. ಮದುವೆ ಒಬ್ಬರ ಮನೆಯಲ್ಲಿ, ಊಟದ ಖರ್ಚು ನೆರೆಮನೆಯವರದು ಅಂದ ಹಾಗೆ.

ಪಿಂಚಣಿಯ ವಿಚಾರಣೆಯಲ್ಲಿ ಆಡಮ್ಸ್ ಪ್ರಶ್ನೆ ಮೇಲೆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಸ್ವಯಂ ದೋಷಾರೋಪದಿಂದ ರಕ್ಷಣೆ, ಅಂದರೆ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು, ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ. ನಮ್ಮ ಸಂವಿಧಾನದಲ್ಲಿ ಯಾವ ವಿಧಿ? 20(3), ಸರಿ, ಮುಂದಿನ ಸಾಲಿನವರಿಗೆ ಗೊತ್ತಿದೆ. ಕೊನೆಗೆ ಪಿಂಚಣಿ ಸಂಸ್ಥೆ ಬೆಲ್ ಸಂಬಳವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಯಾಕೆ? ಆ ಒಪ್ಪಂದಕ್ಕೆ ನಗರಸಭೆ ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ. ನೋಡಿ, ಮತ್ತೆ ನನ್ನ ಹಳೇ ಮಾತಿಗೇ ಬಂದೆ! ಮೊತ್ತ ಜಾಸ್ತಿ ಅಂತ ಅಲ್ಲ, ಸಭೆಯ ಮುಂದೆ ಬರಲಿಲ್ಲ ಅಂತ ಬಿದ್ದುಹೋಯಿತು. ಆಮೇಲೆ ರಾಜಿಯಾಗಿ ಆಡಮ್ಸ್ ಅವರೇ ಊರಿಗೆ 2 ಲಕ್ಷ ಡಾಲರ್‌ಗೂ ಜಾಸ್ತಿ ಕಟ್ಟಬೇಕಾಯಿತು. ಅವರ ಮೇಲೆ ಕ್ರಿಮಿನಲ್ ಕೇಸ್ ಹಾಕಲಿಲ್ಲ, ಅದನ್ನೂ ಹೇಳಬೇಕು. ರಿಜ್ಜೊಗೆ 12 ವರ್ಷ ಶಿಕ್ಷೆ, ಸ್ಪಾಸಿಯಾಗೆ ಅದಕ್ಕಿಂತ ಸ್ವಲ್ಪ ಕಡಿಮೆ.

ಚೀಟಿ ಬಂತು. ಹತ್ತು ನಿಮಿಷ ಅಂತ ಅಂದುಕೊಂಡಿದ್ದೆ, ಐದು ಅಂತ ಬರೆದಿದ್ದಾರೆ. ಹಾಗಾಗಿ ಓಕ್‌ಲ್ಯಾಂಡ್ ಕೇಸನ್ನು ಸುಮ್ನೆ ಹೆಸರಿಸಿ ಬಿಡುತ್ತೇನೆ. ಪೊಲೀಸರೂ ಸೇರಿದಂತೆ ಸರ್ಕಾರಿ ನೌಕರರ ಸಂಬಳ ಸಾರ್ವಜನಿಕ ಮಾಹಿತಿ ಎಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿತ್ತು. ಬೆಲ್‌ನಲ್ಲಿ ಆಡಮ್ಸ್ ಕೆಲಸಕ್ಕೆ ಸೇರುವ ಎರಡು ವರ್ಷ ಮೊದಲು! ತೀರ್ಪಿದ್ದರೂ ಕೇಳುವವರು ಬೇಕಲ್ಲ. ನಮ್ಮ ಕಾನ್‌ಸ್ಟೆಬಲ್‌ಗಳ ಸಂಬಳದ ವಿಷಯ, ಅದರ ಬಗೆಗಿನ ಔರಾದ್ಕರ್ ಸಮಿತಿ ವರದಿ ಇನ್ನೊಂದು ದಿನಕ್ಕೆ ಇರಲಿ. ಅದು ಕಡಿಮೆ ಸಂಬಳದ ಕತೆ, ಅದಕ್ಕೆ ಒಂದು ಗಂಟೆ ಬೇಕು.

ನಮ್ಮ 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಬಿ) ಪ್ರಕಾರ ಪ್ರತಿ ಅಧಿಕಾರಿ, ನೌಕರರ ತಿಂಗಳ ಸಂಬಳವನ್ನು ಯಾರೂ ಅರ್ಜಿ ಹಾಕದೆಯೇ ಕಚೇರಿ ಪ್ರಕಟಿಸಬೇಕು. ಸೆಕ್ಷನ್ ಓದುವುದಿಲ್ಲ ಅಂದಿದ್ದೆ, ಇದೊಂದಕ್ಕೆ ಕ್ಷಮಿಸಿ. ಇವತ್ತು ನಿಮ್ಮ ಊರಿನ ಪುರಸಭೆಯ ವೆಬ್‌ಸೈಟ್ ತೆರೆದು ಆ ಪಟ್ಟಿ ಇದೆಯಾ ನೋಡಿ. ಇದ್ದರೆ ಯಾವ ವರ್ಷದ್ದು ಅಂತಲೂ ನೋಡಿ. ಇಲ್ಲದಿದ್ದರೆ ಆರ್‌ಟಿಐ ಅರ್ಜಿ ಬರೆಯಲು ನಾನು ಇಲ್ಲೇ ಇರುತ್ತೇನೆ, ಚಹಾ ಮುಗಿಯುವವರೆಗೆ.