ಕಾರವಾರದಲ್ಲಿ ಒಂದು ವಾರ ಇರಿ

ಕೇಳುಗರಿಗೆಲ್ಲ ನಮಸ್ಕಾರ.

ಗೋವಾಕ್ಕೆ ಹೋಗುವ ದಾರಿಯಲ್ಲಿ ಕಾರವಾರ ನೋಡಿದವರು ಬಹಳ ಜನ. ಟ್ಯಾಗೋರ್ ಕಡಲತೀರದಲ್ಲಿ ಗಾಡಿ ನಿಲ್ಲಿಸುತ್ತಾರೆ, ನಾಲ್ಕು ಫೋಟೊ ತೆಗೆಯುತ್ತಾರೆ, ಮೀನೂಟ ಮುಗಿಸಿ ಕಾಳಿ ಸೇತುವೆ ದಾಟಿಬಿಡುತ್ತಾರೆ. ಅವರಿಗೆಲ್ಲ ನನ್ನದೊಂದು ಕೋರಿಕೆ. ಮುಂದಿನ ಸಲ ಉದ್ದ ರಜೆ ಸಿಕ್ಕರೆ ಇಲ್ಲೇ ಇಳಿಯಿರಿ. ಒಂದು ವಾರ ಇರಿ. ಬೆಂಗಳೂರಿನಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಶಿರವಾಡದ ನಿಲ್ದಾಣ. ಅಲ್ಲಿಂದ ಪೇಟೆಗೆ ಆಟೊ ಸಾಕು.

ಒಂದು ವಾರ ಯಾಕೆ ಅಂತೀರಾ? ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಆದರೆ ಅದಕ್ಕೆ ನಮ್ಮ ಗಡಿಯಾರ ಗೊತ್ತಿಲ್ಲ, ಚಂದ್ರ ಗೊತ್ತು. ದಿನ ಕಳೆದಂತೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ನೀರು ಪೂರ್ತಿ ಇಳಿದಿದ್ದರೆ, ವಾರ ಕಳೆದ ಮೇಲೆ ಅದೇ ಏಳು ಗಂಟೆಗೆ ಅದೇ ಜಾಗ ತುಂಬಿ ನಿಂತಿರುತ್ತದೆ. ಒಂದೇ ದಿನ ಬಂದು ಹೋದವರಿಗೆ ಒಂದೇ ಕಡಲು ಕಾಣುತ್ತದೆ, ಅಷ್ಟೆ.

ಇಳಿತದ ಹೊತ್ತು ನೋಡಿಕೊಂಡು ಕೋಡಿಬಾಗದ ಕಡೆ ಹೋಗಿ. ಜೊಯಿಡಾದ ಡಿಗ್ಗಿಯಲ್ಲಿ ಹುಟ್ಟಿ 184 ಕಿಲೋಮೀಟರ್ ಹರಿದು ಬಂದ ಕಾಳಿ ನದಿ ಅಲ್ಲಿ ಕಡಲು ಸೇರುತ್ತದೆ. ನೀರು ಇಳಿಯುತ್ತಿದ್ದಂತೆ ಮರಳದಿಬ್ಬಗಳು ಮೇಲೆ ಬರುತ್ತವೆ. ಹೆಂಗಸರು ನೀರಿಗಿಳಿದು, ಬಗ್ಗಿ, ಕೈಯಲ್ಲೇ ತಡಕಿ ಚಿಪ್ಪಿಕಲ್ಲು, ಅಂದರೆ ಚಿಪ್ಪಿನೊಳಗೆ ಮಾಂಸವಿರುವ ತಿಸ್ರೆ, ಆರಿಸುತ್ತಾರೆ. ಉಬ್ಬರ ಶುರುವಾಗುವ ಮೊದಲೇ ಆರಿಸಿ ಮುಗಿಸಬೇಕು. ಅವರ ಬುಟ್ಟಿಯ ತಿಸ್ರೆಯೇ ತೆಂಗಿನಕಾಯಿ ಮಸಾಲೆ ಹಾಕಿಸಿಕೊಂಡು ನಿಮ್ಮ ತಟ್ಟೆಗೆ ಬರುವುದು. ಜೊತೆಗೆ ಸೋಲ್ ಕಡಿ, ಅಂದರೆ ಕೋಕಂ ಮತ್ತು ತೆಂಗಿನಹಾಲಿನ ಪಾನೀಯ, ಕೇಳಿ ಹಾಕಿಸಿಕೊಳ್ಳಿ, ಮರೀಬೇಡಿ.

ಇನ್ನೊಂದು ಬೆಳಿಗ್ಗೆ ರಂಪಣಿ ಎಂಬ ದಡದಿಂದ ಎಳೆಯುವ ದೊಡ್ಡ ಬಲೆಗಾಗಿ ಕಾಯಿರಿ. ದೋಣಿ ಕಡಲಿಗೆ ಹೋಗಿ ಅರ್ಧ ಸುತ್ತು ಹಾಕುತ್ತಾ ಬಲೆ ಬಿಡುತ್ತದೆ. ಎರಡೂ ತುದಿಯ ಹಗ್ಗ ದಡದಲ್ಲಿ. ಎರಡು ಸಾಲಾಗಿ ನಿಂತ ಜನ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಎಳೆಯುತ್ತಾರೆ. ಮುಕ್ಕಾಲು ಹೊತ್ತು ಏನೂ ಕಾಣುವುದಿಲ್ಲ. ಬಲೆಯ ಹೊಟ್ಟೆ ದಡದ ಹತ್ತಿರ ಬಂದಾಗ ನೀರೇ ಕುದಿಯತೊಡಗುತ್ತದೆ. ಬಂಗಡೆ, ತಾರ್ಲೆ ಚಿಮ್ಮುತ್ತವೆ, ಮೇಲೆ ಹದ್ದು ಸುತ್ತುತ್ತದೆ. ಸಿಕ್ಕಿದ್ದನ್ನು ಪಾಲು ಹಾಕಿಕೊಳ್ಳುತ್ತಾರೆ. 1970ರ ದಶಕದ ಕೊನೆಗೆ, ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಯಾಂತ್ರಿಕ ದೋಣಿಗಳು ಬಂದ ಮೇಲೆ ಈ ಬಲೆ ಕಡಿಮೆಯಾಯಿತು. ಉಳಿದಿರುವಾಗಲೇ ನೋಡಿ. ಜೂನ್, ಜುಲೈ ಮಾತ್ರ ಬೇಡ. ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ಮಳೆಗಾಲದ ಕಡಲು ಈಜುವುದಕ್ಕೂ ಒಳ್ಳೆಯದಲ್ಲ.

ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರು ಸುಮ್ನೆ ಬಂದಿದ್ದಲ್ಲ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1880ರ ದಶಕದ ಆರಂಭದಲ್ಲಿ, ಇಪ್ಪತ್ತು ದಾಟಿದ ತರುಣ ರವೀಂದ್ರರು ಅಣ್ಣನ ಮನೆಗೆ ಬಂದು ಉಳಿದರು. ಬೆಳದಿಂಗಳಲ್ಲಿ ದೋಣಿ ಹತ್ತಿ ಕಾಳಿಯಲ್ಲಿ ಮೇಲಕ್ಕೆ ಹೋದರು. ಇಲ್ಲಿದ್ದಾಗ ಒಂದು ನಾಟಕವನ್ನೂ ಬರೆದರು. ಅವರಿಗೂ ಉಳಿದಿದ್ದರಿಂದಲೇ ಈ ಊರು ಸಿಕ್ಕಿತು, ಅಲ್ವಾ? ನೀವೂ ಒಂದು ಸಂಜೆ ನದಿಯಾಚೆಯ ಸದಾಶಿವಗಡ ಹತ್ತಿ. ನದಿ, ಕಡಲು, ನಡುಗಡ್ಡೆಗಳು ಒಟ್ಟಿಗೆ ಕಾಣುತ್ತವೆ. ಮತ್ತೊಂದು ದಿನ ಮಾಜಾಳಿಗೆ ಹೋಗಿ, ಗುಡ್ಡ ದಾಟಿ ತಿಳಮಾತಿ ಕಡಲತೀರಕ್ಕೆ ಇಳಿಯಿರಿ. ಎಳ್ಳು ಚೆಲ್ಲಿದ ಹಾಗೆ ಕಪ್ಪು ಮರಳು. ಮಕ್ಕಳಿದ್ದರೆ ಯುದ್ಧನೌಕೆ ವಸ್ತುಸಂಗ್ರಹಾಲಯ ತೋರಿಸಿ.

ಒಂದು ಮಾತು ಹೇಳಲೇಬೇಕು. ಊರಿನ ದಕ್ಷಿಣಕ್ಕೆ ನೌಕಾನೆಲೆ ಬಂದಾಗ ಎಷ್ಟೋ ಕುಟುಂಬಗಳು ಮನೆ, ಗದ್ದೆ ಬಿಟ್ಟು ಹೋದವು. ಅಲ್ಲಿನ ತೀರಗಳಿಗೆ ಜನ ಈಗ ಕಾಲಿಡುವಂತಿಲ್ಲ. ದೇಶಕ್ಕಾಗಿ ಕೊಟ್ಟರು. ಅದಕ್ಕೇ 2020ರ ಜನವರಿಯಲ್ಲಿ ವಾಣಿಜ್ಯ ಬಂದರಿನ ವಿಸ್ತರಣೆ ಕೆಲಸ ಶುರುವಾದಾಗ, ಉಳಿದಿರುವ ಟ್ಯಾಗೋರ್ ಕಡಲತೀರವೂ ಕೈತಪ್ಪುತ್ತದೆ ಎಂದು ಮೀನುಗಾರರು ಬೀದಿಗಿಳಿದರು, ಊರು ಅವರ ಜೊತೆ ನಿಂತಿತು. ಅವರ ಸಂಕಟ ನ್ಯಾಯವಾದದ್ದು ಎಂದೇ ನನ್ನ ನಂಬಿಕೆ. ದೋಣಿ ಎಳೆದಿಡಲು, ಬಲೆ ಒಣಗಿಸಲು ಅವರಿಗೆ ಬೇರೆ ಅಂಗಳ ಇಲ್ಲ. ನೀವು ಅಲ್ಲಿ ಬರಿಗಾಲಲ್ಲಿ ನಡೆಯುವಾಗ ಪ್ಲಾಸ್ಟಿಕ್ ಬಾಟಲಿ ಬಿಟ್ಟು ಬರಬೇಡಿ.

ವಾರ ಇದ್ದರೆ ಭಾನುವಾರವೂ ಸಿಗುತ್ತದೆ, ಸಂತೆಯೂ ಸಿಗುತ್ತದೆ. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಸಮುದಾಯದ ಹೆಂಗಸರು ತಮ್ಮ ಹಿತ್ತಲ ತರಕಾರಿ ಹಾಸಿಕೊಂಡು ಕೂತಿರುತ್ತಾರೆ. ಚೌಕಾಸಿ ಜಾಸ್ತಿ ಮಾಡಬೇಡಿ.

ಜನವರಿಯಲ್ಲಿ ಹೋಗುವವರಿಗೆ ಇನ್ನೊಂದು ವಿಷಯ. ಕೂರ್ಮಗಡ ನಡುಗಡ್ಡೆಯಲ್ಲಿ ವರ್ಷಕ್ಕೊಮ್ಮೆ ನರಸಿಂಹ ದೇವರ ಜಾತ್ರೆ. ಅಲ್ಲಿಗೆ ರಸ್ತೆಯಿಲ್ಲ, ಎಲ್ಲರೂ ದೋಣಿಯಲ್ಲೇ ಹೋಗಬೇಕು. ಜಾತ್ರೆ ಯಾವ ದಿನ ಎಂದು ವಿಚಾರಿಸಿಕೊಂಡು ಆಮೇಲೆ ರಜೆ ಹಾಕಿ. ದೋಣಿಯಲ್ಲಿ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ನಮಸ್ಕಾರ.